ನೀವು ಎಳೆದ ಸುಣ್ಣದ ಗೆರೆ

ನಮ್ಮ ಯಶೋಧಳ ಅಪ್ಪನಿಗೆ,

ನೀವು ತೀರಿಹೋಗಿ ಮೂರು ವರ್ಷವಾದರೂ ಊರು ಹಾಗೇ ಇದೆ. ಟೀವಿಯಲ್ಲಿ ತೋರಿಸಿದಾಗಿನಿಂದ ನಮ್ಮ ಕೆರೆ, ದೇವಸ್ಥಾನ ನೋಡಲು ಬಸ್ಸುಗಟ್ಟಲೆ ಜನ ಬರುತ್ತಾರೆ. ಏರಿಯ ಹತ್ತಿರ ಕಟ್ಟಿದ ಕಕ್ಕಸಿಗೆ ಮಾತ್ರ ಯಾವಾಗಲೂ ಬೀಗ. ಪಂಚಾಯ್ತಿಯವರನ್ನು ಬೀಗದ ಕೈ ಕೇಳಿ ಕೇಳಿ ನನಗೆ ಸಾಕಾಗಿದೆ.

ಇವತ್ತು ಪೂಜೆ ಮುಗಿಸಿ ಏಳುವಷ್ಟರಲ್ಲಿ ಶೀಳನೆರೆ ಕಡೆಯ ಮುದುಕಿಯೊಬ್ಬಳು ಕೋಲೂರಿಕೊಂಡು ಬಾಗಿಲಿಗೆ ಬಂದಳು. "ಕಕ್ಕಸು ಐತೇನವ್ವ?" ಅಂದಳು.

"ಇಲ್ಲ ಕಣವ್ವ. ದೇವ್ರ ಮನೆ ಗೋಡೆ ಹಿಂದ್ಗಡೆ ಬ್ಯಾಡ ಅಂತ ನಾನೇ ಕಟ್ಸೋಕೆ ಬುಡಲಿಲ್ಲ."

"ದೇವ್ರು ನೆಳ್ಳಲ್ಲವ್ನೆ. ನಾನು ಬಿಸ್ಲಲ್ಲಿ ನಿಂತಿವ್ನಿ."

ಅವಳ ಕೈಹಿಡಿದು ಹುಲ್ಲಿನ ಮೆದೆಯ ಹಿಂದಕ್ಕೆ ಕರೆದೊಯ್ದೆ. ಹಳೇ ಸೀರೆ ಅಡ್ಡ ಹಿಡಿದು, ಮುಖ ತಿರುಗಿಸಿ ನಿಂತೆ. ಕಾಯಿಲೆಯಲ್ಲಿ ನಿಮ್ಮನ್ನೂ ಹೀಗೇ ಕೈಹಿಡಿದು, ಮಳೆಯಲ್ಲಿ ಹೊಲದ ಬದುವಿನ ತನಕ ನಡೆಸುತ್ತಿದ್ದೆ. ಕಟ್ಟಲು ಬಿಡಲಿಲ್ಲವೆಂದು ನೀವು ಒಂದು ದಿನವೂ ನನ್ನನ್ನು ದೂರಲಿಲ್ಲ.

ಸಂಜೆ ಗಾರೆ ಕೆಲಸದ ತಿಮ್ಮೇಶನನ್ನು ಕರೆಸಿದೆ. "ಗುಂಡಿ ಎಲ್ಲಿ ತೆಗೀಲಿ ಗೌರಕ್ಕ?" ಅಂದ.

ಕಕ್ಕಸಿಗೆಂದು ದೇವರ ಮನೆ ಗೋಡೆಯ ಹಿಂದೆ ನೀವು ಎಳೆದಿದ್ದ ಸುಣ್ಣದ ಗೆರೆಯನ್ನು ನಾನು ಅವತ್ತೇ ಸಗಣಿ ನೀರು ಹಾಕಿ ಅಳಿಸಿದ್ದೆ. ಆದರೂ ಜಾಗ ತೋರಿಸಲು ಹುಡುಕಬೇಕಾಗಲಿಲ್ಲ.