ಒಲೆಯ ಪಕ್ಕ ಎದ್ದ ಮೊಳಕೆ

ಮನೆಯಿಂದ,
ಜನವರಿಯ ಕೊನೆಯ ಭಾನುವಾರ, ಬೆಳಗ್ಗೆ

ನನ್ನ ಮುದ್ದು ಸೊಸೆಗೆ, ನಿನ್ನ ಅತ್ತೆ ತಲೆ ಸವರಿ ಬರೆಯುವುದು.

ಹೇಗಿದ್ದೀಯಮ್ಮಾ? ಸೇತುವೆ ಕೆಲಸದ ಆ ಬೆಟ್ಟದಲ್ಲಿ ಹಿಮ ಇನ್ನೂ ಬೀಳುತ್ತಿದೆಯೇ? ಬೆರಳ ತುದಿ ಒಡೆದು ಸ್ಪ್ಯಾನರ್ ಹಿಡಿಯಲು ಆಗುತ್ತಿಲ್ಲ ಎಂದು ನೀನು ಹೋದ ಕಾಗದದಲ್ಲಿ ಬರೆದಿದ್ದೆ. ಅಂದಿನಿಂದ ಪಾತ್ರೆ ತೊಳೆಯುವಾಗಲೆಲ್ಲ ನಿನ್ನ ಕೈಗಳೇ ನೆನಪಾಗುತ್ತವೆ. ಇದರ ಜೊತೆ ಉಣ್ಣೆಯ ಕೈಗವಸು ಕಳಿಸುತ್ತಿದ್ದೇನೆ. ಬಣ್ಣ ನೋಡಿ ನಗಬೇಡ, ನಿನ್ನ ಗಂಡನ ಹಳೆಯ ಸ್ವೆಟರ್ ಬಿಚ್ಚಿ ಹೆಣೆದದ್ದು. ಅವನಿಗೆ ಇನ್ನೂ ಗೊತ್ತಿಲ್ಲ, ಬೀರುವಿನಲ್ಲಿ ಹುಡುಕುತ್ತಲೇ ಇದ್ದಾನೆ. ಕೆಮ್ಮು ಇದ್ದರೆ ನನ್ನಿಂದ ಮುಚ್ಚಿಡಬೇಡ. ಇಲ್ಲಿ ನಮ್ಮೆಲ್ಲರ ಮೈಗೆ ಏನೂ ಆಗಿಲ್ಲ. ಮನಸ್ಸಿನ ಮಾತು ಬೇರೆ, ಅದಕ್ಕೇ ಈ ಕಾಗದ.

ಸುತ್ತಿ ಬಳಸಿ ಬರೆಯುವುದು ನನಗೆ ಬಾರದು. ಚಳಿಗೆ ಗೆಡ್ಡೆಯೊಳಗೆ ಮಲಗಿದ್ದ ನಿನ್ನ ಆರ್ಕಿಡ್ ಗಿಡ ನಡುಚಳಿಗಾಲದಲ್ಲೇ ಎಚ್ಚರವಾಗಿಬಿಟ್ಟಿದೆ. ಕುಳಿತು ಓದು, ನಿಂತುಕೊಂಡು ಓದಬೇಡ. ನಾನು ತಂಗಿಯ ಮನೆಗೆ ಹೋಗಿದ್ದಾಗ ನಿನ್ನ ಮಾವ ಸೌದೆ ತರಲು ಹಿತ್ತಲ ಶೆಡ್ಡಿಗೆ ಹೋಗಿದ್ದಾರೆ. ಮೂಲೆಯಲ್ಲಿ ನಿನ್ನ ಕುಂಡ. ಮಣ್ಣು ಕಲ್ಲಿನ ಹಾಗೆ ಹೆಪ್ಪುಗಟ್ಟಿದೆ, ಮೇಲೆ ಒಂದು ಎಲೆಯೂ ಇಲ್ಲ. ಜನ್ಮವೆಲ್ಲ ಬೇಕರಿಯ ಒಲೆಯ ಮುಂದೆ ಕಳೆದ ಮನುಷ್ಯ, ತಣ್ಣಗಿರುವ ಯಾವುದನ್ನು ಕಂಡರೂ ಕರುಳು ಚುರುಕ್ ಎನ್ನುತ್ತದೆ. ಕುಂಡವನ್ನು ಮಗುವಿನ ಹಾಗೆ ಎತ್ತಿ ತಂದು ಅಡುಗೆಮನೆಯ ಒಲೆಯ ಪಕ್ಕದ ಹಲಗೆಯ ಮೇಲಿಟ್ಟು, ಉಗುರುಬೆಚ್ಚಗಿನ ನೀರು ಚಿಮುಕಿಸಿ, ಒದ್ದೆ ಬಟ್ಟೆ ಮುಚ್ಚಿದ್ದಾರೆ. ಬ್ರೆಡ್ಡಿನ ಹಿಟ್ಟಿಗೆ ಮಾಡುತ್ತಿದ್ದ ಹಾಗೆಯೇ! ನಾನು ಊರಿನಿಂದ ಬಂದು ಚಪ್ಪಲಿ ಬಿಡುವುದರೊಳಗೆ ಕೈಹಿಡಿದು ಎಳೆದುಕೊಂಡು ಹೋಗಿ ಬಟ್ಟೆ ಸರಿಸಿದರು. "ನೋಡು ಬಾರೇ, ಎದ್ದಿದೆ! ಸತ್ತೇ ಹೋಗಿತ್ತು ಪಾಪ, ಸ್ವಲ್ಪ ಬೆಚ್ಚಗೆ ಮಾಡಿದ್ದಕ್ಕೆ ಹೆಂಗೆ ಎದ್ದಿದೆ ನೋಡು!" ಬೆರಳುದ್ದದ ಹಸಿರು ಮೊಳಕೆ. "ಅಯ್ಯೋ, ಏನ್ ಮಾಡಿಬಿಟ್ರೀ!" ಅಂದೆ, ಅಷ್ಟೇ. ಆ ಮುಖ ಇಳಿದದ್ದು ಇನ್ನೂ ಏರಿಲ್ಲ.

"ಅತ್ತೇ, ಚಳಿನೇ ಇದಕ್ಕೆ ನಿದ್ದೆ, ವಸಂತದ ತನಕ ಯಾರೂ ಎಬ್ಬಿಸಬೇಡಿ" ಎಂದು ನೀನು ಹೊರಡುವಾಗ ನಮ್ಮಿಬ್ಬರಿಗೂ ಹೇಳಿದ್ದೆ. ನಿನ್ನ ಮಾವ ಆಗ ರೇಡಿಯೋದಲ್ಲಿ ಪಂದ್ಯ ಕೇಳುತ್ತಾ ಹೂಂ ಹೂಂ ಎಂದಿದ್ದರು. ಆ ಹೂಂಗುಟ್ಟುವಿಕೆಯನ್ನು ನಂಬಿ ನಾನು ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ನೀನು ಒಂದು ಸಲ ನಂಬಿದ್ದರಲ್ಲಿ ಆಶ್ಚರ್ಯವೇನಿದೆ?

ನಿನ್ನ ಗಂಡ ಮಾತ್ರ ಬರೆಯಲೇಬೇಡ ಎಂದು ಹಟ ಹಿಡಿದ. "ಅಮ್ಮಾ, ನರ್ಸರಿಯಲ್ಲಿ ಇಂಥದ್ದೇ ಸಿಗತ್ತೆ. ಅದೇ ಕುಂಡಕ್ಕೆ ನೆಟ್ಟರಾಯ್ತು, ಅವಳಿಗೆ ಎಲ್ಲಿ ಗೊತ್ತಾಗತ್ತೆ?" ನನಗೆ ಎಲ್ಲಿತ್ತೋ ಸಿಟ್ಟು. "ನಿನ್ನ ಬದಲು ಪಕ್ಕದ ಮನೆಯವನನ್ನ ತಂದು ನಿಲ್ಲಿಸಿದ್ರೆ ನಂಗೆ ಗೊತ್ತಾಗಲ್ವೇನೋ?" ಎಂದೆ. "ಅವನೇ ವಾಸಿ ಅಂತ ಇಟ್ಕೋತೀಯ ಬಿಡು" ಎಂದು ಗೊಣಗುತ್ತಾ ಹೋದ. ನಿನ್ನ ತವರಿನ ಹಿತ್ತಲು ರಸ್ತೆಯ ಅಡಿಗೆ ಹೋಗುವ ಮೊದಲು ನಿನ್ನ ಅಮ್ಮ ಅಗೆದು ಕೊಟ್ಟ ಗೆಡ್ಡೆ ಅದು. ಆ ಹಿತ್ತಲಿನದು ಎಂದು ಉಳಿದಿರುವುದು ಇದೊಂದೇ. ಅದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ನಿನ್ನ ಮುಂದೆ ನಗುತ್ತಾ ಕಾಫಿ ಹಿಡಿದು ನಿಲ್ಲಲು ನನ್ನಿಂದ ಆಗದು. ಈ ವಸಂತದಲ್ಲಿ ಮೊದಲ ಹೂ ಬಿಡುತ್ತದೆ, ಮೊಗ್ಗಿನ ಕಣ್ಣು ದಪ್ಪಗಿದೆ ಎಂದು ನೀನು ಕುಣಿದದ್ದೂ ನನಗೆ ಮರೆತಿಲ್ಲ.

ಈಗ ಏನು ಮಾಡಿದ್ದೇನೆಂದು ಕೇಳು. ಗ್ರಂಥಾಲಯದಿಂದ ಪುಸ್ತಕ ತಂದು, ಅರ್ಥವಾಗದ ಕಡೆ ಎರಡೆರಡು ಸಲ ಓದಿದೆ. ಎಳೆ ಮೊಳಕೆಯನ್ನು ಹಾಗೆಯೇ ಹಿಮಕ್ಕೆ ಒಡ್ಡಿದರೆ ಸುಟ್ಟುಹೋಗುತ್ತದಂತೆ. ಬೆಚ್ಚಗೇ ಇಟ್ಟರೆ ಗೆಡ್ಡೆಯಲ್ಲಿ ಕೂಡಿಟ್ಟುಕೊಂಡ ಶಕ್ತಿಯೆಲ್ಲ ತೆತ್ತು, ಬಿಳಿಚಿಕೊಂಡು, ಉದ್ದಕ್ಕೆ ಬೆಳೆದು ಬೀಳುತ್ತದಂತೆ. ಅದಕ್ಕೆ ನಡುವಿನ ದಾರಿ ಹಿಡಿದೆ. ಮೆಟ್ಟಿಲ ಮೇಲಿನ ಕಿಟಕಿ ಗೊತ್ತಲ್ಲ, ಬೆಳಕು ಚೆನ್ನಾಗಿದೆ, ತಣ್ಣಗಿದೆ, ಆದರೆ ನೀರು ಹೆಪ್ಪುಗಟ್ಟುವುದಿಲ್ಲ. ಮೊದಲು ಅಡುಗೆಮನೆಯಿಂದ ನಡುಮನೆಗೆ, ಆಮೇಲೆ ಅಲ್ಲಿಗೆ, ಹೀಗೆ ಮೆಲ್ಲಮೆಲ್ಲನೆ ತಂಪಿಗೆ ಒಗ್ಗಿಸಿದೆ. ನೀರು ಮಣ್ಣಿಗೆ ಪಸೆ ಇರುವಷ್ಟು ಮಾತ್ರ. ಗೊಬ್ಬರ ಒಂದು ಚಿಟಿಕೆಯೂ ಇಲ್ಲ, ಮಲಗಿದ್ದವರನ್ನು ಎಬ್ಬಿಸಿ ಬಾಯಿಗೆ ತುರುಕಿದ ಹಾಗಾಗುತ್ತದೆ. ಮೊಳಕೆ ಒಂದು ವಾರ ಗಟ್ಟಿಯಾಗಿ ನಿಂತಿತ್ತು, ಗೆದ್ದೆವು ಎಂದುಕೊಂಡೆ.

ನಿನ್ನೆಯಿಂದ ನನಗೆ ಅನುಮಾನ. ಬುಡದಲ್ಲಿ ನೀರು ಕುಡಿದ ಕಾಗದದ ಹಾಗೆ ಒಂದು ಮಚ್ಚೆ. ಒಲೆಯ ಪಕ್ಕದ ಆ ಒದ್ದೆ ಬಟ್ಟೆಯ ಕೆಲಸವಿರಬಹುದು. ಮುಟ್ಟಿ ನೋಡಲು ಧೈರ್ಯ ಬರುತ್ತಿಲ್ಲ. ನಿನ್ನ ಮಾವ ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಕತ್ತೆತ್ತಿ ಅದನ್ನೇ ನೋಡುತ್ತಿರುತ್ತಾರೆ. ಹತ್ತಿರ ಹೋಗುವುದಿಲ್ಲ. ಬ್ರೆಡ್ ಸುಡುವುದನ್ನೂ ಬಿಟ್ಟಿದ್ದಾರೆ. ತಟ್ಟೆಗೆ ಹಾಕಿದ್ದರಲ್ಲಿ ಅರ್ಧ ಹಾಗೇ ಉಳಿಯುತ್ತದೆ. "ಹಸಿವಿಲ್ಲ ಕಣೇ" ಎನ್ನುತ್ತಾರೆ, ಅದೂ ಈ ಮನುಷ್ಯ! ಮಚ್ಚೆಯನ್ನು ಕತ್ತರಿಸಲೋ, ಕಾಯಲೋ, ಎರಡು ಸಾಲು ಬರೆದು ಈ ಕಾಗದ ತರುವ ಸಾಮಾನಿನ ಲಾರಿಯವರ ಕೈಯಲ್ಲೇ ಕೊಟ್ಟುಬಿಡು ತಾಯಿ. ಅವರು ಇನ್ನೇನು ಬರುವ ಹೊತ್ತಾಯಿತು.

ಕೈಗವಸು ಹಾಕಿಕೋ, ಎತ್ತರದಲ್ಲಿ ಹಗ್ಗ ಕಟ್ಟಿಕೊಳ್ಳದೆ ಕೆಲಸ ಮಾಡಬೇಡ. ಜೊತೆಯವರಿಗೆಲ್ಲ ನಮ್ಮ ನೆನಪು ಹೇಳು. ನೂರು ವರ್ಷ ಗಟ್ಟಿಯಾಗಿ ಬಾಳು.

ನಿನ್ನ ದಾರಿ ಕಾಯುವ
ಅತ್ತೆ

ಮರೆತ ಮಾತು: ಲಾರಿಯವರು ಹಾರ್ನ್ ಹೊಡೆಯುತ್ತಿದ್ದಾರೆ. ಲಕೋಟೆ ಅಂಟಿಸುವ ಮೊದಲು ಹೋಗಿ ಮುಟ್ಟಿದೆ. ಮೊಳಕೆ ಬುಡದಲ್ಲೇ ಕೊಳೆತು ಕೈಗೆ ಬಂದುಬಿಟ್ಟಿತು. ಈ ವರ್ಷ ಹೂವಿಲ್ಲ ಮಗಳೇ. ಬೆರಳಿನಿಂದ ಮಣ್ಣು ಸರಿಸಿದೆ. ಗೆಡ್ಡೆ ಗಟ್ಟಿ ಇದೆ. ಪಕ್ಕದಲ್ಲಿ ಅಕ್ಕಿ ಕಾಳಿನಷ್ಟು ಇನ್ನೊಂದು ಮೊಳಕೆಯ ಕಣ್ಣು, ಬೆಳ್ಳಗೆ, ಗಟ್ಟಿಯಾಗಿ ಮುಚ್ಚಿಕೊಂಡಿದೆ. ಕೊಳೆತದ್ದನ್ನೆಲ್ಲ ಕೆರೆದು ತೆಗೆದಿದ್ದೇನೆ. ಗಾಯ ಒಣಗಿದ ಮೇಲೆ ಒಣ ಎಲೆ ಹೊದಿಸಿ ಶೆಡ್ಡಿಗೆ ಕಳಿಸುತ್ತೇನೆ, ಉಳಿದ ಚಳಿಯನ್ನು ಅಲ್ಲೇ ಕಳೆಯಲಿ. ನಿನ್ನ ಮಾವನಿಗೆ ಹೇಳಿದೆ. ಎದ್ದು ಹಿತ್ತಲಿಗೆ ಹೋದರು. ನನಗೆ ಉತ್ತರ ಬರೆಯಬೇಡ, ಅವರಿಗೆ ಬರೆ. ಬೈದೇ ಬರೆ, ಚೆನ್ನಾಗಿ ಬೈದು ಬರೆ. ನೀನು ಸುಮ್ಮನಿದ್ದರೆ ಅವರು ತಡೆಯಲಾರರು.