ಸರ್ ಮನೆ ಮಣ್ಣು

ಪ್ರಯೋಗಶಾಲೆ,
ಶನಿವಾರ, ೧೪ನೇ ತಾರೀಖು

ಗುಬ್ಬಿಗೆ,

ಎರಡು ವರ್ಷದ ಮೇಲೆ ನನ್ನ ಅಕ್ಷರ ಕಂಡು ಗಾಬರಿಯಾಗಬೇಡ. ಆರೋಗ್ಯವಾಗಿದ್ದೇನೆ.

ಎಂಟನೇ ತರಗತಿಗೆ ಮಣ್ಣಿನ ಸೂಕ್ಷ್ಮಜೀವಿಗಳ ಪಾಠವಿತ್ತು. ಓದಿಸುವ ಬದಲು ಮಾಡಿಸೋಣ ಎನ್ನಿಸಿತು. ಆಲೂಗಡ್ಡೆ ಬೇಯಿಸಿದ ನೀರಿಗೆ ಸಕ್ಕರೆ, ಕಡಲಪಾಚಿಯ ಅಗರ್ ಪುಡಿ ಹಾಕಿ ಕುದಿಸಿ, ಮುಚ್ಚಳವಿರುವ ಗಾಜಿನ ತಟ್ಟೆಗಳಲ್ಲಿ ಹೆಪ್ಪುಗಟ್ಟಿಸಿದೆ. ಮನೆಯ ಹತ್ತಿರದ ಮಣ್ಣನ್ನು ಒಂದೊಂದು ಚಮಚ ತನ್ನಿ, ನೀರಲ್ಲಿ ಕದಡಿ ಒಂದು ಹನಿ ತಟ್ಟೆಗೆ ಸವರೋಣ ಎಂದೆ. ಹಿಂದಿನ ಬೆಂಚಿನ ವಾಚಾಳಿ ಹುಡುಗಿ, ಸರ್ ಕೂಡ ತರಬೇಕು ಎಂದು ಪಟ್ಟು ಹಿಡಿದಳು. ಒಪ್ಪಿಕೊಂಡುಬಿಟ್ಟೆ.

ನಾನಿರುವುದು ಮೂರನೇ ಮಹಡಿಯ ಬಾಡಿಗೆ ಕೋಣೆ. ಒಂದು ಹೂಕುಂಡವೂ ಇಲ್ಲ. ಕೆಳಗೆ ಬೀದಿಯವರೆಗೂ ಸಿಮೆಂಟು. ಮರುದಿನ ಬೆಳಿಗ್ಗೆ ಮಣ್ಣು ಹುಡುಕಿ ಹೊರಟವನು ಎರಡು ಪಾರ್ಕ್ ದಾಟಿ, ಬಸ್ ಹತ್ತಿ, ನಮ್ಮ ಹಳೆಯ ಬೀದಿಯಲ್ಲಿ ಇಳಿದೆ. ಗೇಟಿನ ಪಕ್ಕದ ದಾಸವಾಳದ ಬುಡದಲ್ಲಿ ಮಣ್ಣು ತೆಗೆದುಕೊಂಡೆ. ನಿನ್ನ ಚಪ್ಪಲಿ ಮೆಟ್ಟಿಲ ಮೇಲಿತ್ತು. ಗಂಟೆ ಒತ್ತಲಿಲ್ಲ.

ತಟ್ಟೆಗಳಿಗೆ ಚೀಟಿ ಅಂಟಿಸುವಾಗ ಅದೇ ಹುಡುಗಿ ನನ್ನದನ್ನು ಎತ್ತಿಕೊಂಡು ಕೇಳಿದಳು, "ಸರ್, ಇದು ಎಲ್ಲೀದು ಅಂತ ಬರೀಲಿ?" ನಾನು ಉಳಿದ ಚೀಟಿಗಳಿಗೆ ಗೋಂದು ಹಚ್ಚುತ್ತ ಕುಳಿತೆ. ಕಾದು ಸಾಕಾಗಿ ಅವಳೇ 'ಸರ್ ಮನೆ' ಎಂದು ಬರೆದಳು. ನಾನು ತಿದ್ದಲಿಲ್ಲ. ತಿದ್ದುವುದರಲ್ಲೇ ಮುಳುಗಿದ್ದವನು ನಾನು. ನೀನು ಮಾತಾಡಲು ಬಂದಾಗಲೆಲ್ಲ ಉತ್ತರಪತ್ರಿಕೆಯಿಂದ ತಲೆ ಎತ್ತದೆ ಹ್ಞೂಂಗುಟ್ಟಿದವನು. ಒಂದು ದಿನ ನೀನು ಮಾತೇ ನಿಲ್ಲಿಸಿದೆ. ಅದನ್ನು ನೆಮ್ಮದಿ ಅಂದುಕೊಂಡೆ. ಮನೆ ಬಿಡುವಾಗಲಂತೂ, ಹೆಂಡತಿಯಾದವಳು ತಡೆಯಲೂ ಇಲ್ಲ ಎಂದು ನಿನ್ನನ್ನೇ ದೂರಿದೆ.

ನಾಲ್ಕು ದಿನ ತಟ್ಟೆಗಳನ್ನು ಕಪಾಟಿನಲ್ಲಿಟ್ಟೆವು. ನಿನ್ನೆ ತೆಗೆದರೆ ಬಿಳಿ ಚುಕ್ಕೆ, ಕಿತ್ತಳೆ ಬೊಟ್ಟು, ಹಸಿರು ಬೂಷ್ಟು. ಮುಚ್ಚಳ ತೆಗೀಬೇಡಿ ಎಂದು ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಹೋಲಿಕೆಗೆಂದು ಮಣ್ಣು ಹಾಕದೆ ಇಟ್ಟಿದ್ದ ಒಂದೇ ಒಂದು ತಟ್ಟೆ ತಿಳಿಯಾಗಿ ಹಾಗೇ ಉಳಿದಿತ್ತು. ನಮ್ಮ ತಟ್ಟೆಯಲ್ಲಿ ಇಪ್ಪತ್ತಮೂರು ಚುಕ್ಕೆ, ಎಲ್ಲರದ್ದಕ್ಕಿಂತ ಹೆಚ್ಚು. ಮಕ್ಕಳು ಚಪ್ಪಾಳೆ ತಟ್ಟಿದರು. ಕೋಣೆಗೆ ಹೋದರೆ ಹೇಳಲು ಯಾರೂ ಇಲ್ಲವಲ್ಲ ಎಂದು ಬಸ್ಸಿನಲ್ಲಿ ಪಕ್ಕದವರಿಗೆ, ನಮ್ಮನೆ ಮಣ್ಣಲ್ಲಿ ಇಪ್ಪತ್ತಮೂರು ಎಂದೆ. ಅವರು ಎದ್ದು ಬೇರೆ ಸೀಟಿಗೆ ಹೋದರು.

ಇಂತಿ,
ನಿನ್ನ ಮೇಷ್ಟ್ರು

ಮರೆತ ವಿಷಯ: ಆ ಬೆಳಿಗ್ಗೆ ಅತ್ತೆ ಕಿಟಕಿಯಿಂದ ನನ್ನನ್ನು ನೋಡಿ ಗೇಟಿಗೆ ಬಂದರು. ನಿನಗೆ ಹೇಳಬೇಡಿ ಎಂದು ಕೈಮುಗಿದೆ. "ನಾನು ಹೇಳಲ್ಲ, ನೀವೇ ಬರೀರಿ. ಅವಳು ಈ ಗಿಡಗಳನ್ನ ಬಿಟ್ಟು ಯಾರ ಹತ್ರಾನೂ ಮಾತಾಡ್ತಿಲ್ಲ" ಎಂದರು.