ಎರಡು ತಂಡಗಳಿಗೆ ಒಬ್ಬಳೇ ಧರ್ಮತಾಯಿ

ಜೂನ್ ೧೪, ಶುಕ್ರವಾರ. ಲೋಹಾ ಪಟ್ಟಣ.

ಉಮೀತಾ ಎಂಬ ಮೆಕ್ಕೆಜೋಳದ ಕಡುಬು ಮಾರುವ ಸೋಯ್ಲಾ ಮಾಡಿಟ್ಟ ಗೋಜಲು ಇನ್ನೂ ಬಿಡಿಸಲಾಗಿಲ್ಲ. ನಾಳೆ ಶಾಲೆಯ ಫುಟ್ಬಾಲ್ ಪಂದ್ಯಾವಳಿ ಶುರು. ಪ್ರತಿ ತಂಡಕ್ಕೂ ಹೆಗಲಿಗೆ ಅದರ ಬಣ್ಣದ ಪಟ್ಟಿ ಧರಿಸಿ ಮುಂದೆ ನಡೆಯುವ ಒಬ್ಬ ಧರ್ಮತಾಯಿ ಬೇಕು; ಅವಳಿಲ್ಲದ ತಂಡಕ್ಕೆ ಮೆರವಣಿಗೆಯೂ ಇಲ್ಲ, ಆಟವೂ ಇಲ್ಲ. ನಿಯಮ ಬರೆದವನು ನಾನೇ. ಇವಳೋ ಆರನೇ ತರಗತಿಯ ‘ಎ’ ತಂಡಕ್ಕೂ ಹೂಂ ಅಂದಿದ್ದಾಳೆ, ‘ಬಿ’ ತಂಡಕ್ಕೂ ಅಂದಿದ್ದಾಳೆ. ಮೊದಲ ಆಟ ಆ ಎರಡರ ನಡುವೆಯೇ!

ಸಂಜೆ ಅವಳ ಅಂಗಡಿಗೆ ಹೋಗಿ ಕೇಳಿದೆ.

“ಮಕ್ಕಳು ಧರ್ಮತಾಯಿ ಆಗು ಅಂತ ಬಂದ್ರೆ ಒಲ್ಲೆ ಅನ್ನೋಕಾಗುತ್ತಾ ಮೇಷ್ಟ್ರೇ? ಪಾಪ ಸುತ್ಕೊಳ್ಳುತ್ತೆ.”

“ಗೋಲು ಬಿದ್ದಾಗ ಕುಣೀತೀಯೋ, ಅಳ್ತೀಯೋ?”

“ಎರಡೂ ಮಾಡ್ತೀನಿ. ನಿಮ್ಮ ಹಾಗೆ ಎರಡನ್ನೂ ಬಿಟ್ಟು ಕೂತಿಲ್ಲವಲ್ಲ!”

ನಗು ಬಂತು, ತಡೆದುಕೊಂಡೆ. ‘ಬಿ’ ತಂಡವನ್ನು ಬಿಟ್ಟುಬಿಡು ಎಂದೆ. ಯಾಕೆ ಹಾಗೆಂದೆನೋ. ಕಾಲೇಜಿನಲ್ಲಿ ಫೇರ್ ಪ್ಲೇ ಎಂದೋ ಏನೋ ಕಲಿತಿದ್ದೆ. ಇದು ಖಂಡಿತ ಅದಲ್ಲ. ಬದುಕಿದ್ದಷ್ಟು ವರ್ಷವೂ ‘ಬಿ’ ತಂಡದ ಮುಂದೆ ನಡೆದವಳು ನನ್ನ ಹೆಂಡತಿ ಅಂಪಾರೋ. ಆ ಜಾಗದಲ್ಲಿ ಇನ್ನೊಬ್ಬಳನ್ನು ನೋಡಲಾರೆನೆಂದು ಮಕ್ಕಳನ್ನು ಮೈದಾನದ ಹೊರಗೆ ನಿಲ್ಲಿಸಲೇ? ಅಥವಾ ಸೋಯ್ಲಾಳನ್ನೇ ಅಲ್ಲಿ ನೋಡುವ ಆಸೆಗೆ ಹೆದರಿದೆನೇ? ಗೊತ್ತಾಗುತ್ತಿಲ್ಲ.

ಹೊರಡುವಾಗ ಅವಳೇ ಅಂದಳು, “ನೀವು ಯಾವ ತಂಡದ ಪಟ್ಟಿ ತಂದು ಹೆಗಲಿಗೆ ಹಾಕ್ತೀರೋ, ಅದರ ಜೊತೆ ನಡೀತೀನಿ. ಇನ್ನೊಂದಕ್ಕೆ ತಾಯಿ ಹುಡುಕೋದು ನಿಮ್ಮ ಕರ್ಮ.”

‘ಎ’ ತಂಡಕ್ಕೆ ಶಾಲೆಯ ಅಡುಗೆಯವಳು ಒಪ್ಪಿದ್ದಾಳೆ. ‘ಬಿ’ಯ ಪಟ್ಟಿಯನ್ನು ಅಂಪಾರೋಳ ಉಡುಪುಗಳ ನಡುವಿನಿಂದ ತೆಗೆದೆ. ಇಸ್ತ್ರಿ ಕಾದಿದೆ. ಸುಕ್ಕು ಹೋಗಲೆಂದು ಒತ್ತಬೇಕೋ, ಅಂಪಾರೋಳ ವಾಸನೆ ಹೋಗದಿರಲೆಂದು ಮೆಲ್ಲಗೆ ಆಡಿಸಬೇಕೋ? ನಾಳೆ ಇದನ್ನು ಸೋಯ್ಲಾಳ ಹೆಗಲಿಗೆ ಹಾಕಬೇಕು.